ಓರೆ ಬೆಳಕಿನಲ್ಲಿ ಏಳುವ ಅಕ್ಷರಗಳು

ಹಳೆಯ ಗುಡಿಯ ಅಂಗಳದಲ್ಲಿ ಗೋಡೆಗೆ ಒರಗಿ ನಿಂತ ಶಾಸನದ ಕಲ್ಲನ್ನು ನಡುಹಗಲಿನಲ್ಲಿ ನೋಡಿದವರಿಗೆ ಅದರಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು, ಕರು. ಅವುಗಳ ಕೆಳಗೆ ಮಳೆಗಾಳಿಗೆ ಸವೆದು, ಎಣ್ಣೆ ಕುಂಕುಮ ಮೆತ್ತಿಕೊಂಡ ಒರಟು ಮೈ. ಬರಹವೆಲ್ಲಿ ಎಂದು ಹುಡುಗನೊಬ್ಬನು ಕೇಳಿದರೆ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೊಡುವ ಉತ್ತರ ಒಂದೇ: "ಸಂಜಿಕ್ ಬಾ ತಮ್ಮಾ, ಹೊತ್ತು ಮುಳುಗೂ ಮುಂದ ಅಕ್ಷರ ಎದ್ದು ಕಾಣ್ತಾವ."

ಆ ಮಾತಿನಲ್ಲಿ ಛಾಯಾಗ್ರಹಣದ ಒಂದು ದೊಡ್ಡ ಪಾಠವೇ ಅಡಗಿದೆ. ಸೂರ್ಯನು ನೆತ್ತಿಯ ಮೇಲಿರುವಾಗ ಅಂಗಳದ ಬೆಳಕು ಕಲ್ಲಿನ ಮೈಮೇಲೆ ಎಲ್ಲ ಕಡೆಯಿಂದಲೂ ಸಮನಾಗಿ ಹರಡುತ್ತದೆ. ಉಳಿಯು ಕೊರೆದ ಗೆರೆಗೂ ಕೊರೆಯದ ಮೈಗೂ ಭೇದವಿರುವುದಿಲ್ಲ. ಹೊತ್ತು ಇಳಿದು ಬಿಸಿಲು ಕಲ್ಲನ್ನು ಸವರಿಕೊಂಡು ಹೋಗುವಾಗ ಪ್ರತಿಯೊಂದು ಗೆರೆಯ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ಅಂಚು ನೆರಳಿನಲ್ಲಿ ಮುಳುಗುತ್ತದೆ. ಕಣ್ಣು ಓದುವುದು ಆ ನೆರಳನ್ನು. ಆದರೆ ಸಂಜೆಯ ಬಿಸಿಲು ಅರ್ಧ ಗಂಟೆ ಮಾತ್ರ ಇರುತ್ತದೆ, ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ವರ್ಷದ ಬಹುಭಾಗ ಅದೂ ದೊರೆಯುವುದಿಲ್ಲ, ಗುಡಿಯ ಒಳಗಿನ ಕಂಬಕ್ಕಂತೂ ಎಂದಿಗೂ ಇಲ್ಲ. ಕ್ಯಾಮೆರಾದ ತಲೆಯ ಮೇಲಿನಿಂದ ಇಳಿಸಿ ಕೈಯಲ್ಲಿ ಹಿಡಿದ ಒಂದು ಸಣ್ಣ ಫ್ಲ್ಯಾಶ್ ಆ ಸಂಜೆಯನ್ನು ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ ತರಬಲ್ಲದು. ಅದನ್ನು ಕಲಿಯಲು ಆರಂಭಿಸುವ ಬಗೆಯೇ ಈ ವಾರದ ಅಂಕಣದ ವಿಷಯ.

ಫ್ಲ್ಯಾಶ್ ಎಂದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮದುವೆಯ ಆಲ್ಬಂ. ಅರಿಶಿಣ ಹಚ್ಚಿದ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತದೆ. ಬೆನ್ನ ಹಿಂದಿನ ಪರದೆಯ ಮೇಲೆ ಕಪ್ಪು ನೆರಳು ಅಂಟಿರುತ್ತದೆ. ಇದು ಫ್ಲ್ಯಾಶಿನ ದೋಷವಲ್ಲ, ಅದು ನಿಂತ ಸ್ಥಳದ ದೋಷ. ನೋಡುವ ಕಣ್ಣು ಮತ್ತು ಬೆಳಗುವ ದೀಪ ಒಂದೇ ಕಡೆಯಿಂದ ಬಂದರೆ ನೆರಳೆಲ್ಲವೂ ವಸ್ತುವಿನ ಹಿಂದೆ ಅಡಗಿಕೊಳ್ಳುತ್ತದೆ. ಮೂಗು, ಗಲ್ಲ, ಗಾಜಿನ ಬಳೆಯ ಗೀರು ಎಲ್ಲವೂ ಚಪ್ಪಟೆಯಾಗುತ್ತವೆ. ಕಲ್ಲಿಗೂ ಹಾಗೆಯೇ. ಮೊಬೈಲಿನ ಫ್ಲ್ಯಾಶ್ ಹಾಕಿ ಶಾಸನದ ಚಿತ್ರ ತೆಗೆದವರಿಗೆ ದೊರೆಯುವುದು ನಡುವೆ ಬಿಳಿಯ ಮಚ್ಚೆಯಿರುವ ಒಂದು ಬಂಡೆ.

ಈ ಸೀಮೆಯ ಕುಟುಂಬಗಳಿಗೆ ಈ ವಿದ್ಯೆಯಲ್ಲಿ ಹೆಚ್ಚಿನ ಆಸಕ್ತಿ ಇರಬೇಕಾದುದಕ್ಕೆ ಕಾರಣವಿದೆ. ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಅದಕ್ಕಿಂತ ಬಹು ಹಿಂದೆ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರ ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರನ್ನು ವಿದ್ವಾಂಸರು ಇಂದಿನ ಲಾತೂರಿನೊಂದಿಗೆ ಗುರುತಿಸುತ್ತಾರೆ. ಅವರ ಬಳಿಕ ಆಳಿದ ಚಾಲುಕ್ಯರ ರಾಜಧಾನಿ ಕಲ್ಯಾಣವು ಉಮರ್ಗಾದಿಂದ ಹೆಚ್ಚು ದೂರವಿಲ್ಲ. ಉಮರ್ಗಾದ ಮಹಾದೇವ ಗುಡಿ, ನಿಲಂಗಾದ ನೀಲಕಂಠೇಶ್ವರ ಗುಡಿ ಆ ಕಾಲದ ಕಲ್ಲುಕೆಲಸಕ್ಕೆ ಸಾಕ್ಷಿಯಾಗಿ ನಿಂತಿವೆ. ನೆರೆಯ ನಾಂದೇಡ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಶೆಳ್ಕೆ ಅವರು 1968ರಲ್ಲಿ ಪುಸ್ತಕವಾಗಿ ಹೊರತಂದರು. ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ ರಿತ್ತಿ ಮತ್ತು ಆನಂದ ಕುಂಭಾರರ ಕೈಯಿಂದ 1988ರಲ್ಲಿ ಬಂದಿತು. ಎರಡರಲ್ಲಿಯೂ ಕನ್ನಡ ಶಾಸನಗಳು ಹೇರಳವಾಗಿವೆ. ಹೀಗಿರುವಾಗ, ಹೊಲದ ಬದುವಿನಲ್ಲಿಯೋ ಬಾವಿಯ ಮೆಟ್ಟಿಲಿನಲ್ಲಿಯೋ ಬರಹವಿರುವ ಕಲ್ಲೊಂದು ಕಂಡರೆ ಅದರ ಕೆಲವು ಅಕ್ಷರಗಳನ್ನಾದರೂ ಹೋಲಿಕೆಯಿಂದ ಗುರುತಿಸಬಲ್ಲ ಮಗು ಆ ಊರಿನಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವೇ ಆಗಿರುತ್ತದೆ. ಆ ಮಗುವಿಗೆ ಕಾಣದಿದ್ದರೆ ಊರಿನಲ್ಲಿ ಬೇರೆ ಯಾರಿಗೂ ಕಾಣದು.

ಕನ್ನಡ ಶಾಸನಗಳನ್ನು ಕ್ಯಾಮೆರಾದಲ್ಲಿ ಹಿಡಿಯುವ ಕೆಲಸ ಹೊಸದಲ್ಲ. ಮೈಸೂರು ಸೀಮೆಯಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು 1865ರಲ್ಲಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬೆಂಗಳೂರಿನಲ್ಲಿಯೇ ಹುಟ್ಟಿ, ಮುಂದೆ ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾದ ಬಿ. ಎಲ್. ರೈಸ್ ಅವರು ಆ ಚಿತ್ರಗಳನ್ನು ಓದಿ ಅನುವಾದಿಸುವುದರಿಂದಲೇ ತಮ್ಮ ಶಾಸನ ಸೇವೆಯನ್ನು ಆರಂಭಿಸಿದರು. ಅದರ ಫಲ 1879ರಲ್ಲಿ ಪ್ರಕಟವಾದ ಮೈಸೂರಿನ ಶಾಸನಗಳ ಸಂಪುಟ. ಎಪಿಗ್ರಾಫಿಯಾ ಕರ್ನಾಟಿಕಾದ ಮಹಾಮಾಲೆ ಬಂದುದು ಅದರ ನಂತರ. ಡಿಕ್ಸನ್ ಚಿತ್ರ ತೆಗೆದ ಅದೇ 1865ರಲ್ಲಿ ಪಿಯಾತ್ಸಿ ಸ್ಮಿತ್ ಎಂಬ ಖಗೋಳಜ್ಞನು ಈಜಿಪ್ಟಿನ ಮಹಾ ಪಿರಮಿಡ್ಡಿನ ಕತ್ತಲೆಯ ಒಳಗೆ ಮೆಗ್ನೀಸಿಯಂ ಉರಿಸಿ ಅದರ ಬೆಳಕಿನಲ್ಲಿ ಚಿತ್ರ ತೆಗೆಯುತ್ತಿದ್ದನು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೆಡಿಕೆ ಎಂಬವರು ತಯಾರಿಸಿದ ಫ್ಲ್ಯಾಶ್ ಪುಡಿಯು ಧಗ್ಗೆಂದು ಉರಿದು ಹೊಗೆ ಎಬ್ಬಿಸುತ್ತಿತ್ತು, ಕೈಗಳನ್ನೂ ಸುಡುತ್ತಿತ್ತು. ಇಂದಿನ ಫ್ಲ್ಯಾಶಿನಲ್ಲಿ ಉರಿಯುವುದು ಏನೂ ಇಲ್ಲ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಕ್ಸೆನಾನ್ ಅನಿಲ ತುಂಬಿದ ಗಾಜಿನ ಕೊಳವೆಯ ಮೂಲಕ ಒಮ್ಮೆಲೇ ಹರಿದು ಹೋಗುತ್ತದೆ, ಅಷ್ಟೆ. ಆದರೆ ಆ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನಷ್ಟು ಒತ್ತಡವಿರುತ್ತದೆ, ಸೆಲ್ ತೆಗೆದ ಮೇಲೂ ಬಹಳ ಹೊತ್ತು ಉಳಿದಿರುತ್ತದೆ. ಕೆಟ್ಟ ಫ್ಲ್ಯಾಶನ್ನು ಮಕ್ಕಳು ಬಿಚ್ಚಿ ನೋಡಲು ಬಿಡಕೂಡದು.

ಆರಂಭಕ್ಕೆ ಬೇಕಾಗುವ ಸಾಮಾನು ಜನರು ಭಾವಿಸುವಷ್ಟಿಲ್ಲ. ಕೈಯಿಂದ ಹೊಂದಿಸಿಕೊಳ್ಳಲು ಬರುವ ಯಾವುದೇ ಹಳೆಯ ಡಿಎಸ್ಎಲ್ಆರ್, ಒಂದು ಮ್ಯಾನುಯಲ್ ಫ್ಲ್ಯಾಶ್, ಅದಕ್ಕೆ ನಾಲ್ಕು ರೀಚಾರ್ಜ್ ಸೆಲ್ಲುಗಳು, ಒಂದು ರೇಡಿಯೊ ಟ್ರಿಗರ್. ಯೊಂಗ್‌ನುವೊ 560, ಗೊಡಾಕ್ಸ್ ಟಿಟಿ600 ಮೊದಲಾದ ಸಾದಾ ಫ್ಲ್ಯಾಶುಗಳಿಗೆ ಕ್ಯಾಮೆರಾ ಕಂಪನಿಗಳ ಸ್ವಂತ ಫ್ಲ್ಯಾಶಿನ ಬೆಲೆಯ ಒಂದು ಸಣ್ಣ ಪಾಲು ಸಾಕು. ಅವುಗಳಲ್ಲಿ ತಾನಾಗಿ ಲೆಕ್ಕ ಹಾಕುವ ವ್ಯವಸ್ಥೆ ಇಲ್ಲ. ಕಲಿಯುವವನಿಗೆ ಅದೇ ಲಾಭ. ಟ್ರಿಗರ್ ಇಲ್ಲದವರು ಕ್ಯಾಮೆರಾದಲ್ಲಿರುವ ಸಣ್ಣ ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ ಅತಿ ಕಡಿಮೆಗೆ ಇಟ್ಟು, ದೊಡ್ಡ ಫ್ಲ್ಯಾಶನ್ನು ಎಸ್1 ಎಂಬ ಸ್ಲೇವ್ ವಿಧಾನದಲ್ಲಿ ಇರಿಸಬಹುದು. ಒಂದರ ಮಿಂಚು ಕಂಡೊಡನೆ ಇನ್ನೊಂದು ಮಿಂಚುತ್ತದೆ, ಆದರೆ ಬಿಸಿಲಿನಲ್ಲಿ ಇದನ್ನು ನಂಬುವಂತಿಲ್ಲ. ಸ್ಟುಡಿಯೊದ ಕಪಾಟಿನಲ್ಲಿ ಬಿದ್ದಿರುವ ರೀಲು ಕಾಲದ ಫ್ಲ್ಯಾಶನ್ನು ಹೊಸ ಕ್ಯಾಮೆರಾಕ್ಕೆ ನೇರವಾಗಿ ಸಿಕ್ಕಿಸಬಾರದು. ಅವುಗಳಲ್ಲಿ ಕೆಲವು ನೂರಾರು ವೋಲ್ಟನ್ನು ಕ್ಯಾಮೆರಾಕ್ಕೆ ತಿರುಗಿಸಿ ಅದರ ಒಳಗನ್ನು ಸುಟ್ಟುಬಿಡಬಲ್ಲವು. ಇನ್ನು ಲೈಟ್ ಸ್ಟ್ಯಾಂಡ್: ಮನೆಯಲ್ಲಿ ಒಬ್ಬ ತಮ್ಮನೋ ತಂಗಿಯೋ ಇದ್ದರೆ ಅದರ ಖರ್ಚೂ ಉಳಿಯಿತು. ಹೇಳಿದ ಕಡೆಗೆ ನಡೆಯುವ, ಗಾಳಿಗೆ ಬೀಳದ ಸ್ಟ್ಯಾಂಡನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.

ಮೊದಲ ಅಭ್ಯಾಸ ಗುಡಿಯಲ್ಲಿ ಬೇಡ, ಮನೆಯಲ್ಲಿ ಸಾಕು. ಅಜ್ಜಿಯ ಬೀಸುವ ಕಲ್ಲನ್ನು ಹೊರಗೆ ತೆಗೆದು, ಟಾಕಿ ಹಾಕಿದ ಮೈಯನ್ನು ಮೇಲೆ ಮಾಡಿ ಇಡಬೇಕು. ರಾತ್ರಿ ದೀಪ ಆರಿಸಿ, ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಕದಲದಂತೆ ಕೂರಿಸಿ, ಮೊದಲ ಚಿತ್ರವನ್ನು ಫ್ಲ್ಯಾಶನ್ನು ಕ್ಯಾಮೆರಾದ ಮೇಲೆಯೇ ಇಟ್ಟು ತೆಗೆಯಬೇಕು. ಎರಡನೆಯದು ಫ್ಲ್ಯಾಶನ್ನು ಪಕ್ಕಕ್ಕೆ ಒಯ್ದು. ಮೂರನೆಯದು ಅದನ್ನು ನೆಲದ ಮಟ್ಟಕ್ಕೆ ಇಳಿಸಿ, ಬೆಳಕು ಕಲ್ಲನ್ನು ನೆಕ್ಕಿಕೊಂಡು ಹೋಗುವಂತೆ ಮಾಡಿ. ಮೂರನ್ನೂ ಒಟ್ಟಿಗೆ ನೋಡಿದ ಮಗುವಿಗೆ ಮತ್ತೆ ವಿವರಣೆ ಕೊಡಬೇಕಾಗಿಲ್ಲ.

ಅಂಕಿಗಳ ಭಯವನ್ನೂ ಇಲ್ಲಿಯೇ ಕಳೆದುಕೊಳ್ಳಬೇಕು. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ತಿರುಗಿಸಿ ಐಎಸ್ಒ 100, ಶಟರ್ 1/200, ಅಪರ್ಚರ್ ಎಫ್ 8 ಇಟ್ಟುಕೊಳ್ಳಬಹುದು. ಶಟರನ್ನು ಇದಕ್ಕಿಂತ ವೇಗ ಮಾಡಿದರೆ ಸಾಮಾನ್ಯ ಕ್ಯಾಮೆರಾಗಳಲ್ಲಿ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ, ಏಕೆಂದರೆ ಫ್ಲ್ಯಾಶ್ ಮಿಂಚುವ ಕ್ಷಣದಲ್ಲಿ ಶಟರಿನ ಪರದೆಗಳು ಪೂರ್ತಿ ತೆರೆದಿರುವುದಿಲ್ಲ. ಶಟರನ್ನು ನಿಧಾನ ಮಾಡಿದರೆ ಸುತ್ತಲಿನ ಬೆಳಕು ಹೆಚ್ಚು ಸೇರುತ್ತದೆ, ಫ್ಲ್ಯಾಶಿನ ಬೆಳಕು ಮಾತ್ರ ಇದ್ದಷ್ಟೇ ಇರುತ್ತದೆ. ಅದು ಮಿಂಚಿ ಮುಗಿಯಲು ಶಟರಿಗಿಂತ ಕಡಿಮೆ ಸಮಯ ಸಾಕು. ಫ್ಲ್ಯಾಶನ್ನು ಹೆಚ್ಚು ಕಡಿಮೆ ಮಾಡುವುದು ಅದರ ಹಿಂಬದಿಯ ಗುಂಡಿಯಿಂದ ಅಥವಾ ಅಪರ್ಚರಿನಿಂದ. ಈ ಒಂದು ಭೇದ ತಿಳಿದವನಿಗೆ ಅರ್ಧ ವಿದ್ಯೆ ಬಂದಂತೆ.

ಉಳಿದದ್ದು ಶಾಲೆಯ ಗಣಿತ. ಫ್ಲ್ಯಾಶಿನ ಗೈಡ್ ನಂಬರನ್ನು ಅಪರ್ಚರಿನಿಂದ ಭಾಗಿಸಿದರೆ ಎಷ್ಟು ಮೀಟರ್ ದೂರಕ್ಕೆ ಬೆಳಕು ಸಾಕಾಗುವುದೆಂದು ತಿಳಿಯುತ್ತದೆ. ಗೈಡ್ ನಂಬರ್ 40 ಇದ್ದರೆ ಎಫ್ 8ರಲ್ಲಿ ಪೂರ್ಣ ಶಕ್ತಿಗೆ 5 ಮೀಟರ್. ಎರಡೂವರೆ ಮೀಟರಿಗೆ ಬಂದರೆ ನಾಲ್ಕನೆಯ ಒಂದು ಪಾಲು ಶಕ್ತಿ ಸಾಕು, ಏಕೆಂದರೆ ದೂರ ಅರ್ಧವಾದಾಗ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದರೆ ಈ ಲೆಕ್ಕ ನೇರವಾಗಿ ಬೀಳುವ ಬೆಳಕಿನದು. ಕಲ್ಲಿನ ಮೈಗೆ 15 ಡಿಗ್ರಿಯಷ್ಟು ಓರೆಯಾಗಿ ಬೀಳುವ ಬೆಳಕು ಅಗಲವಾಗಿ ಹರಡಿಹೋಗುವುದರಿಂದ ಅದರ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ; ಎಳೆಯ ಬಿಸಿಲಿಗೆ ನೆಲ ಬೇಗ ಕಾಯದಿರುವುದಕ್ಕೆ ಒಂದು ಕಾರಣವೂ ಇದೇ. ಹಾಗಾಗಿ ಮತ್ತೆ ಪೂರ್ಣ ಶಕ್ತಿಯೇ ಬೇಕಾಗುತ್ತದೆ.

ಹೊಸಬರು ಎಡವುವುದು ಇನ್ನೊಂದು ಕಡೆ. ಅಕ್ಷರ ಚೆನ್ನಾಗಿ ಏಳಲಿ ಎಂದು ಅವರು ಫ್ಲ್ಯಾಶನ್ನು ಕಲ್ಲಿನ ಅಂಚಿಗೇ ತಂದು ಹಿಡಿಯುತ್ತಾರೆ. ಎರಡು ಅಡಿ ಅಗಲದ ಕಲ್ಲಿಗೆ ಎರಡು ಅಡಿ ದೂರದಿಂದ ಬೆಳಕು ಕೊಟ್ಟರೆ ಆಚೆಯ ಅಂಚು ನಾಲ್ಕು ಅಡಿ ದೂರವಾಯಿತು, ಅಲ್ಲಿಗೆ ಮುಟ್ಟುವುದು ಕಾಲು ಪಾಲು ಬೆಳಕು. ಸಾಲಿನ ಆರಂಭ ಬೆಳ್ಳಗೆ, ಕೊನೆ ಕತ್ತಲೆ. ಎಂಟು ಅಡಿ ಹಿಂದೆ ಸರಿದರೆ ಆಚೆಯ ಅಂಚಿಗೂ ಮೂರರಲ್ಲಿ ಎರಡು ಪಾಲಿನಷ್ಟು ಬೆಳಕು ದೊರೆಯುತ್ತದೆ. ತಮ್ಮನನ್ನು ಹಿಂದೆ ಹಿಂದೆ ಕಳುಹಿಸುತ್ತಿರಬೇಕು.

ಕನ್ನಡದ ಅಕ್ಷರಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಿಸಿ ಹೇಳಬೇಕು. ಬೆಳಕು ಯಾವ ದಿಕ್ಕಿಗೆ ಹರಿಯುವುದೋ ಅದೇ ದಿಕ್ಕಿಗೆ ಕೊರೆದ ಗೆರೆಯಲ್ಲಿ ನೆರಳು ನಿಲ್ಲುವುದಿಲ್ಲ. ಎಡದಿಂದ ಬಲಕ್ಕೆ ಬೆಳಕು ಬಿಟ್ಟರೆ ನಿಂತ ಗೆರೆಗಳೆಲ್ಲ ಕಾಣುತ್ತವೆ, ಆದರೆ ಅಡ್ಡಗೆರೆ ಮಾಯವಾಗುತ್ತದೆ. ಅಂದರೆ ತಲೆಕಟ್ಟೇ ಹಾರಿಹೋಗುತ್ತದೆ. ಮೇಲಿನಿಂದ ಬಿಟ್ಟರೆ ತಲೆಕಟ್ಟು ಬರುತ್ತದೆ, ನಿಂತ ಗೆರೆ ಹೋಗುತ್ತದೆ. ದುಂಡಗಿನ ಲಿಪಿಯಲ್ಲಿ ಯಾವ ಒಂದು ದಿಕ್ಕಿನ ಬೆಳಕೂ ಇಡೀ ಅಕ್ಷರವನ್ನು ತೋರಿಸಲಾರದು. ಇಂದಿನ ಪ ಮತ್ತು ಷ ಗಳ ಭೇದ ಒಳಗಿನ ಒಂದು ಗೆರೆಯಷ್ಟೇ ಎಂಬುದನ್ನು ನೆನೆದರೆ, ಒಂದೇ ಚಿತ್ರವನ್ನು ನಂಬಿ ಓದುವುದರ ಅಪಾಯ ತಿಳಿಯುತ್ತದೆ. ಆದುದರಿಂದ ಕ್ಯಾಮೆರಾ ಕದಲಬಾರದು, ಫ್ಲ್ಯಾಶ್ ಮಾತ್ರ ಗಡಿಯಾರದ ಮುಳ್ಳಿನಂತೆ ಕಲ್ಲಿನ ಸುತ್ತ ಚಲಿಸಬೇಕು. ಎಂಟು ದಿಕ್ಕಿಗೆ ಎಂಟು ಚಿತ್ರ. ನೋಡಲು ಮೊದಲು ಎಡ ಮೇಲ್ಭಾಗದ ಬೆಳಕಿನದನ್ನು ಎತ್ತಿಕೊಳ್ಳುವುದು ಒಳ್ಳೆಯದು. ಬೆಳಕು ಮೇಲಿನಿಂದ ಬರುವುದೇ ಕಣ್ಣಿಗೆ ರೂಢಿ. ಕೆಳಗಿನಿಂದ ಬೆಳಗಿದ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ತೋರಿ ಓದುಗನನ್ನು ಮೋಸಗೊಳಿಸುತ್ತದೆ.

ಇದೇ ಎಂಟನ್ನು ಮೂವತ್ತು ನಲವತ್ತಕ್ಕೆ ಏರಿಸಿದರೆ ಶಾಸ್ತ್ರೀಯ ಕೆಲಸವೇ ಆಗುತ್ತದೆ. ಟಾಮ್ ಮಾಲ್ಜ್‌ಬೆಂಡರ್ ಎಂಬ ಸಂಶೋಧಕನು ತನ್ನ ಸಂಗಡಿಗರೊಂದಿಗೆ 2001ರಲ್ಲಿ ಪ್ರಕಟಿಸಿದ ವಿಧಾನದಂತೆ, ಬೇರೆ ಬೇರೆ ದಿಕ್ಕಿನ ಬೆಳಕಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಿ, ಪರದೆಯ ಮೇಲೆ ಬೆಳಕನ್ನು ಬೇಕಾದಂತೆ ತಿರುಗಿಸುತ್ತ ಕಲ್ಲನ್ನು ಓದಬಹುದು. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಬೆಳಕು ಯಾವ ಕಡೆಯಿಂದ ಬಂದಿತೆಂದು ತಂತ್ರಾಂಶಕ್ಕೆ ತಿಳಿಯಲು ಕಲ್ಲಿನ ಪಕ್ಕದಲ್ಲಿ ಹೊಳೆಯುವ ಕಪ್ಪು ಗುಂಡೊಂದನ್ನು ಇಡುತ್ತಾರೆ. ಸಣ್ಣ ಕಲ್ಲಿಗೆ ಮಕ್ಕಳ ಕರಿಯ ಗೋಲಿಯೇ ನಡೆಯುತ್ತದೆ.

ಕ್ಯಾಮೆರಾ ಇಲ್ಲದ ಮನೆಯವರೂ ನಿರಾಶರಾಗಬೇಕಾಗಿಲ್ಲ. ಮೊಬೈಲಿಗೂ ಬೇರೆ ಫ್ಲ್ಯಾಶಿಗೂ ತಾಳ ಕೂಡಿಸುವುದು ಕಷ್ಟ; ಆದರೆ ಕತ್ತಲೆಯಲ್ಲಿ ತಾಳವೇ ಬೇಡ. ಪ್ರೊ ವಿಧಾನವಿರುವ ಮೊಬೈಲನ್ನು ಕಲ್ಲಿಗೆ ನೇರ ಎದುರಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಶಟರನ್ನು 4 ಸೆಕೆಂಡಿಗೆ ಇಟ್ಟು, ಟೈಮರ್ ಹಾಕಿ ಒತ್ತಬೇಕು. ಆ ನಾಲ್ಕು ಸೆಕೆಂಡಿನ ನಡುವೆ ಪಕ್ಕದಲ್ಲಿ ನಿಂತವರು ಫ್ಲ್ಯಾಶಿನ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿದರೆ ಆಯಿತು. ಮೊಬೈಲಿನ ಅಪರ್ಚರ್ ದೊಡ್ಡದಾದುದರಿಂದ ಶಕ್ತಿ 1/16 ಅಥವಾ 1/32 ಸಾಕು. ಫ್ಲ್ಯಾಶೂ ಇಲ್ಲದಿದ್ದರೆ ಬ್ಯಾಟರಿ ದೀಪವನ್ನೇ ಓರೆಯಾಗಿ ಹಿಡಿಯಬಹುದು. ಕಲ್ಲಿನ ಬುಡದಲ್ಲಿ ಚೇಳು, ಹಾವು ಇರುವುದುಂಟು. ರಾತ್ರಿಯ ಕೆಲಸಕ್ಕೆ ದೊಡ್ಡವರು ಜೊತೆಗಿರಲೇಬೇಕು. ಹಗಲಿನಲ್ಲಿಯೇ ತೆಗೆಯಬೇಕಾದರೆ ಸುಡುಬಿಸಿಲಿನೊಂದಿಗೆ ಸಣ್ಣ ಫ್ಲ್ಯಾಶ್ ಸೆಣಸಲಾರದು. ಇಬ್ಬರು ಕಂಬಳಿ ಹಿಡಿದು ಕಲ್ಲಿಗೆ ನೆರಳು ಮಾಡಲಿ.

ಮಾಡಬಾರದ ಕೆಲಸಗಳು ಕೆಲವಿವೆ. ಅಕ್ಷರ ಕಾಣಲೆಂದು ಗೆರೆಗಳಲ್ಲಿ ಸೀಮೆಸುಣ್ಣ, ಹಿಟ್ಟು, ಸುಣ್ಣ ತುಂಬುವವರನ್ನು ಎಲ್ಲೆಡೆ ಕಾಣಬಹುದು. ಅವರು ತುಂಬುವುದು ತಾವು ಊಹಿಸಿದ ಅಕ್ಷರವನ್ನು. ಆಮೇಲೆ ಬಂದವರು ಓದುವುದೂ ಆ ಊಹೆಯನ್ನೇ. ತಂತಿಯ ಬ್ರಷ್ಷಿನಿಂದ ಉಜ್ಜುವುದಂತೂ ಅಕ್ಷರವನ್ನು ಕೊಲ್ಲುವುದಕ್ಕೆ ಸಮ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿಯಿಂದ ಪಡಿಯಚ್ಚು ತೆಗೆಯುವ ವಿದ್ಯೆ ತಜ್ಞರ ಕೈಗೆ ಸೇರಿದ್ದು. ಬೆಳಕು ಒಂದೇ ಕಲ್ಲನ್ನು ಮುಟ್ಟದೆ ಓದುವ ಸಾಧನ. ಬಣ್ಣದ ಚಿತ್ರಗಳಿರುವ ಕಡೆ ಅದೂ ಬೇಡ. ಅಜಂತೆಯಲ್ಲಿ ಫ್ಲ್ಯಾಶ್ ನಿಷಿದ್ಧವಾಗಿರುವುದು ಆ ಕಾರಣಕ್ಕೆ. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಮತ್ತು ದೀಪ ಬಳಸುವ ಮುನ್ನ ಇಲಾಖೆಯ ಅನುಮತಿ ಕೇಳಬೇಕು, ಊರ ಗುಡಿಯಲ್ಲಿ ಪೂಜಾರಿಯನ್ನೂ ಪಂಚರನ್ನೂ ಕೇಳಬೇಕು. ಕಲ್ಲಿನ ಮೇಲಿನ ಭಾಷೆ ಯಾವುದೆಂಬ ಮಾತು ಗಡಿಯ ಊರುಗಳಲ್ಲಿ ಬೇಗ ಕಾವೇರುತ್ತದೆ. ಚಿತ್ರ ತೆಗೆಯಲು ಹೋದ ಮಕ್ಕಳು ಆ ಜಗಳಕ್ಕೆ ಇಳಿಯದಿರುವುದು ಲೇಸು. ಕಲ್ಲು ಇಡೀ ಊರಿನದು, ಅದರಲ್ಲಿ ಬರೆದದ್ದು ಊರಿನ ಕೆರೆ, ಗದ್ದೆ, ದಾನಗಳ ಸುದ್ದಿ.

ಗಡಿ ದಾಟಿ ಒಂದು ದಿನದ ಪ್ರವಾಸ ಹೋಗುವ ಶಾಲೆಗಳಿಗೆ ಹುಮನಾಬಾದ ತಾಲ್ಲೂಕಿನ ಜಲಸಂಗಿ ಒಳ್ಳೆಯ ಪಾಠಶಾಲೆ. ಅಲ್ಲಿಯ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ನಿಂತು ಅಕ್ಷರ ಬರೆಯುತ್ತಿದ್ದಾಳೆ. ಅವಳು ಬರೆದಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಹೊರಗೋಡೆಯ ಮೇಲೆ ಹೊತ್ತಿಗೊಂದು ಬಗೆಯಲ್ಲಿ ಬಿಸಿಲು ಸರಿಯುವುದನ್ನು ಕಂಡವರಿಗೆ ಅವಳ ಬೆರಳು, ಒಡವೆ, ಅಕ್ಷರ ಯಾವಾಗ ಏಳುತ್ತವೆ, ಯಾವಾಗ ಮಲಗುತ್ತವೆ ಎಂಬುದು ಫ್ಲ್ಯಾಶ್ ಇಲ್ಲದೆಯೇ ತಿಳಿದುಬರುತ್ತದೆ. ಔಸಾ ಮತ್ತು ನಿಲಂಗಾದ ನಡುವಿನ ಖರೋಸಾ ಗುಹೆಗಳಲ್ಲಿ ಇದಕ್ಕೆ ವಿರುದ್ಧವಾದ ಪಾಠವಿದೆ. ಅಲ್ಲಿಯ ಒರಟು ಕಲ್ಲಿನಲ್ಲಿ ಸವೆದ ಮೂರ್ತಿಗಳು ಕತ್ತಲೆಯಲ್ಲಿವೆ. ಪಕ್ಕದ ಬೆಳಕಿಲ್ಲದೆ ಅವುಗಳ ಮುಖ ತಿಳಿಯದು.

ಈ ಅಭ್ಯಾಸ ಹೊಟ್ಟೆಪಾಡಿಗೂ ಬರುತ್ತದೆ. ಹತ್ತನೆಯ ತರಗತಿ ಮುಗಿಸಿ ಮದುವೆ ಸೀಸನ್ನಿನಲ್ಲಿ ಸ್ಟುಡಿಯೊದವರ ಚೀಲ ಹೊರುವ ಹುಡುಗರು ಈ ಮೂರೂ ಊರುಗಳಲ್ಲಿದ್ದಾರೆ. ಬೀಸುವ ಕಲ್ಲಿನ ಮೇಲೆ ಬೆಳಕನ್ನು ತಿರುಗಿಸಿ ಕಲಿತವನಿಗೆ ಮದುಮಗಳ ಮುಖಕ್ಕೆ ಎಲ್ಲಿಂದ ಬೆಳಕು ಕೊಡಬೇಕೆಂಬುದು ಕಷ್ಟವಲ್ಲ. ಕಲ್ಲಿಗೆ ಬೇಕಾದುದು ಗಡಸು ಬೆಳಕು, ಅಗದಿ ಓರೆ; ಮುಖಕ್ಕೆ ಬೇಕಾದುದು ಬಿಳಿ ಛತ್ರಿಯಿಂದ ಹಾಯ್ದು ಮೆತ್ತಗಾದ ಬೆಳಕು, 45 ಡಿಗ್ರಿಯಷ್ಟು ಪಕ್ಕದಿಂದ, ಕಣ್ಣಿಗಿಂತ ಸ್ವಲ್ಪ ಮೇಲಿನಿಂದ. ಇಷ್ಟು ಬಲ್ಲವನು ಚೀಲ ಹೊರುವವನಾಗಿ ಹೆಚ್ಚು ದಿನ ಉಳಿಯುವುದಿಲ್ಲ.

ಶಾಸನದ ಚಿತ್ರ ತೆಗೆದ ಮೇಲೆ ಮಾಡಬೇಕಾದ ಸಣ್ಣ ಕೆಲಸವನ್ನು ಬಹಳ ಜನರು ಮರೆಯುತ್ತಾರೆ. ಒಂದು ಚಿತ್ರದಲ್ಲಾದರೂ ಕಲ್ಲಿನ ಪಕ್ಕದಲ್ಲಿ ಶಾಲೆಯ ಸ್ಕೇಲ್ ಇರಬೇಕು, ಇನ್ನೊಂದರಲ್ಲಿ ಕಲ್ಲು ನಿಂತ ಸ್ಥಳ ಗುರುತಾಗುವಂತೆ ಗುಡಿಯ ಬಾಗಿಲು ಇರಬೇಕು. ಊರು, ದಿನ, ಬೆಳಕಿನ ದಿಕ್ಕು ವಹಿಯಲ್ಲಿ ಬರೆದಿರಬೇಕು. ಒಂದು ಪ್ರತಿ ಶಾಲೆಯ ಮಾಸ್ತರರ ಬಳಿಗೆ, ಅವರ ಮೂಲಕ ಶಾಸನ ಓದಬಲ್ಲವರ ಬಳಿಗೆ. ಇನ್ನೊಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಅದೇ ಗುಡಿಯ ಗೋಡೆಗೆ ತೂಗುಹಾಕಬೇಕು, ಕಲ್ಲಿನ ಹತ್ತಿರವೇ. ಮುಂದಿನ ಜಾತ್ರೆಗೆ ಆಯಿಲ್ ಪೇಂಟಿನ ಡಬ್ಬಿ ಹಿಡಿದು ಬರುವವರ ಕಣ್ಣಿಗೆ ಕಲ್ಲಿಗಿಂತ ಮೊದಲು ಅದು ಬೀಳಲಿ.